ವೀಳ್ಯದ ತಟ್ಟೆ ಮುಂದೆ ಎರಡು ಬಂದೂಕ

ಸ್ವಲ್ಪ ಹತ್ತಿರ ಬನ್ನಿ, ಬಾಗಿಲು ಮುಂದಕ್ಕೆ ಹಾಕಿ. ಇದು ನಿಮ್ಮ ಕಿವಿಯಿಂದ ಆಚೆ ಹೋದ್ರೆ ನಿಮ್ಮ ಮೇಲಾಣೆ, ನನ್ನ ಮೇಲಲ್ಲ. ಗಂಡಸರು ರಿಟೈರ್ ಆಗಿ ಮನೇಲಿ ಕೂತ ಮೇಲೆ ನಮ್ಮ ಬೀದೀಲಿ ಇಂಥವು ಆಗ್ತಾನೇ ಇರ್ತವೆ. ಎದುರು ಮನೆ ಮಿಲ್ಟ್ರಿಯವನ ಮಗಳ ಮದುವೆ ಹೆಂಗೆ ಮುರೀತು ಅಂತ ಊರೋರು ತಲೆಗೊಂದು ಹೇಳ್ತಾರೆ. ಕಣ್ಣಾರೆ ಕಂಡೋಳು ನಾನು.

೧. ಹೆಣ್ಣು ನೋಡೋಕೆ ಬಂದ್ರು

ಗಂಡಿನ ಕಡೆಯೋರು ಕುಂದಾಣದೋರು. ಗಂಡಿನಪ್ಪ ರಿಟೈರ್ ಆದ ಪೊಲೀಸು. ಹುಡುಗಿ ಕಾಫಿ ತಂದು ನಿಂತಿದ್ದಾಳೆ, ಪೊಲೀಸಪ್ಪನ ಕಣ್ಣು ಗೋಡೆ ಮೇಲಿನ ಫೋಟೋಗೆ ಹೋಯ್ತು. ಮಿಲ್ಟ್ರಿಯವನು ಬಂದೂಕ ಹಿಡಿದು ಎದೆ ಉಬ್ಬಿಸಿರೋ ಫೋಟೋ.

"ಓ, ಎಸ್ಸೆಲ್ಲಾರ್ ಬಂದೂಕಾನಾ! ನಮ್ದು ಪೊಲೀಸ್ನೋರ ತ್ರೀ ನಾಟ್ ತ್ರೀ."

"ಅಯ್ಯೋ ಬಿಡಿ, ಒಂದು ಗುಂಡು ಹೊಡೆದು ಇನ್ನೊಂದಕ್ಕೆ ಬೋಲ್ಟ್ ಎಳೆಯೋದ್ರೊಳಗೆ ಕಳ್ಳ ಚಿಕ್ಕಬಳ್ಳಾಪುರ ದಾಟಿರ್ತಾನೆ. ನಮ್ದು ಗುಂಡು ತಾನೇ ತುಂಬ್ಕೊಳ್ಳುತ್ತೆ."

"ತುಂಬ್ಕೊಳ್ಳುತ್ತೆ, ಚೂರು ಧೂಳು ಬಿದ್ರೆ ಹೊಸ ಸೊಸೆ ಥರ ಮುನಿಸ್ಕೊಂಡು ಕೂತ್ಕೊಳ್ಳುತ್ತೆ. ನಮ್ದು ಕೆಸರಲ್ಲಿ ಹೂತು ತೆಗೀರಿ, ಆಗ್ಲೂ ಹೊಡೀತದೆ!"

ಕಾಫಿ ಆರಿ ನೀರಾಯ್ತು. ಬಂದೂಕದ ಗುಣ, ದೋಷ, ತೂಕ, ಎಲ್ಲಾ ವಿಚಾರಿಸಿದ್ರು. ಹುಡುಗಿ ಹೆಸರು ಕೇಳೋದು ಮರೆತು, ಒಪ್ಪಿಗೆ ಅಂತ ಎದ್ದೋದ್ರು.

೨. ವೀಳ್ಯಶಾಸ್ತ್ರ

ಇಬ್ಬರು ಅಪ್ಪಂದಿರೂ ತಾಂಬೂಲದ ತಟ್ಟೆ ಹಿಡಿದು ಎದುರುಬದುರು ಕೂತಿದ್ರು. ಪುರೋಹಿತರು "ಬದಲಾಯಿಸ್ಕೊಳ್ಳಿ" ಅಂದ್ರು. ಮಿಲ್ಟ್ರಿಯವನು ತಟ್ಟೆಯಿಂದ ಬಾಳೆಚಿಪ್ಪು ಎತ್ತಿದ.

"ನೋಡಿ, ಗುಂಡು ತುಂಬೋ ಮ್ಯಾಗಜೀನು ಹಿಂಗಿರುತ್ತೆ. ಇಪ್ಪತ್ತು ಗುಂಡು. ನಿಮ್ದು ಹತ್ತೇ."

"ಗುಂಡು ಜಾಸ್ತಿ ಇದ್ರೆ ಗುರಿ ಕಮ್ಮಿ ಸ್ವಾಮಿ. ನಾವು ಹೊಡೆದ ಮೇಲೆ ಗುಂಡಿನ ಖಾಲಿ ಚಿಪ್ಪನ್ನೂ ಹುಡುಕಿ ಎತ್ತಿ ಸಾಹೇಬ್ರಿಗೆ ಒಪ್ಪಿಸ್ಬೇಕು. ಅದಕ್ಕೇ ನೋಡಿ ಹೊಡೀತಿದ್ವಿ."

"ಅಂದ್ರೆ ಹೊಡೀತಾನೇ ಇರ್ಲಿಲ್ಲ ಅನ್ನಿ!"

ಮಿಲ್ಟ್ರಿಯವನು ಅಷ್ಟಕ್ಕೆ ನಿಲ್ಲಿಸಿದ್ನಾ? ಒನಕೆ ತರಿಸಿ, ರೇಷ್ಮೆ ಪಂಚೇಲೇ ನಡುಮನೇಲಿ ಬೋರಲು ಮಲಗಿ ಗುರಿ ಹಿಡಿದ. ಒನಕೆ ತುದಿ ನೆಟ್ಟಗೆ ಬೀಗನ ಎದೆಗೇ ಇತ್ತು. ಅವನು ತಾಂಬೂಲದ ತಟ್ಟೆ ಅಡ್ಡ ಹಿಡ್ಕೊಂಡ. ಪುರೋಹಿತರು ಕೈಮುಗಿದ್ರು: "ಮುಹೂರ್ತ ಮೀರ್ತಿದೆ, ಯಾರಾದ್ರೂ ಒಬ್ರು ಶರಣಾಗಿ."

೩. ಹಿತ್ತಿಲಲ್ಲಿ

ಪೊಲೀಸಪ್ಪನ ಹೆಂಡತಿ ಹಿತ್ತಿಲಲ್ಲಿ ಸಿಕ್ಕಿ, "ಈ ಬೀಗರು ಯಾವ ಯುದ್ಧದಲ್ಲಿದ್ರಜ್ಜಿ?" ಅಂದ್ಲು. ಕೇಳಿದ್ರೆ ಸುಳ್ಳು ಹೇಳೋಳಲ್ಲ ನಾನು.

"ಯುದ್ಧ ಎಲ್ಲಿ ಬಂತಮ್ಮಾ, ಮಿಲ್ಟ್ರೀಲಿ ಅಡುಗೆಯೋನು. ಫೋಟೋಲಿರೋ ಬಂದೂಕ ಪಕ್ಕದೋನ್ದು. ಅವನ ಹೆಂಡ್ತಿನೇ ನನ್ ಕೈಲಿ ಆಣೆ ಹಾಕಿಸ್ಕೊಂಡು ಹೇಳಿದ್ದು."

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ನಮ್ಮೋರೂ ಅಷ್ಟೇ. ಖಜಾನೆ ಬಾಗಿಲಲ್ಲಿ ಬಂದೂಕ ಊರ್ಕೊಂಡು ನಿಂತೇ ಸರ್ವೀಸ್ ಮುಗಿಸಿದ್ರು. ಊರುಗೋಲು ಅನ್ನಿ."

ಆ ಕಡೆಗೊಂದು ಗೊತ್ತಾದ ಮೇಲೆ ಈ ಕಡೆಗೂ ಗೊತ್ತಾಗ್ಬೇಕಲ್ಲ? ಒಳಗೆ ಬಂದು ಹುಡುಗಿ ತಾಯಿ ಕಿವೀಲಿ ಹಾಕಿದೆ. ಅವಳು ತನ್ನ ಗಂಡನ ಕಿವಿಗೆ, ಇವಳು ತನ್ನ ಗಂಡನ ಕಿವಿಗೆ.

"ಏನ್ರೀ ಊರುಗೋಲು!"

"ನೀನೇನ್ಲಾ, ಹುಳಿ ತಿರುವೋನು!"

ತಟ್ಟೆ ಬದಲಾಗ್ಲೇ ಇಲ್ಲ. ಕುಂದಾಣದೋರು ಊಟಾನೂ ಮಾಡದೆ ಕಾರು ಹತ್ತಿದ್ರು. ಹುಡುಗಿ ಕೋಣೇಲಿ ಒಬ್ಬಳೇ ಮುಡಿದ ಹೂವು ಬಿಚ್ಚುತ್ತಿದ್ಲು. ಜೀವಮಾನದಲ್ಲಿ ಯಾರ ಮೇಲೂ ಒಂದು ಗುಂಡು ಹಾರಿಸದ ಇಬ್ಬರು ಸೇರಿ ಒಂದು ಮದುವೇನ ಹೊಡೆದು ಬೀಳಿಸಿದ್ರು.

೪. ಹೆಪ್ಪಿಗೆ ಹೋದೆ

ಬೆಳಿಗ್ಗೆ ಹೆಪ್ಪು ಕೇಳೋ ನೆಪದಲ್ಲಿ ಎದುರು ಮನೆಗೆ ಹೋದೆ, ನಾಲ್ಕು ಸಮಾಧಾನದ ಮಾತು ಹೇಳೋಣ ಅಂತ. ಹುಡುಗಿ ತಾಯಿ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಆ ಬಂದೂಕ ಮೇಲು, ಈ ಬಂದೂಕ ಮೇಲು ಅಂತ ಕಿತ್ತಾಡಿದ್ರಲ್ಲ ಅಜ್ಜಿ, ಇಬ್ಬರಿಗೂ ಒಳ್ಳೇ ಮಾಲು ಯಾವುದು ಅಂತ ಗೊತ್ತಿಲ್ಲ. ನಿಮ್ಮ ಬಾಯಿ ನೋಡಿ. ಬೋಲ್ಟ್ ಎಳೆಯಂಗಿಲ್ಲ, ಧೂಳಿಗೆ ನಿಲ್ಲಂಗಿಲ್ಲ. ಆದ್ರೆ ಹೊಡೆದ ಮೇಲೆ ಖಾಲಿ ಚಿಪ್ಪು ಎತ್ತಿ ಒಪ್ಪಿಸ್ಬೇಕಂತೆ, ಅಲ್ವಾ? ಮಗಳು ಕೋಣೇಲಿ ಅಳ್ತಾ ಕೂತಿದ್ದಾಳೆ. ಬನ್ನಿ, ಎತ್ಕೊಂಡೋಗಿ."