ದಿವಾಳಿಗೂ ಬೇಕು ದೌಲತ್ತು

ಹೆಂಡತಿ: ರೀ, ಆ ಗೊರಗುಟ್ಟೋ ಸ್ಪೀಕರ್‌ಗಳಿಗೆ ಹನ್ನೆರಡು ಲಕ್ಷವಾ?

ಗಂಡ: ಮೆಲ್ಲಗೆ ಮಾತಾಡೇ. ಹೊರಗಡೆ ಜನ ಕೂತಿದಾರೆ.

ವಕೀಲರ ಕೋಣೆ. ಮೇಜಿನ ಮೇಲೆ ದಿವಾಳಿ ಅರ್ಜಿ. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಗಂಡ, ಅದರಲ್ಲಿ ಆಸ್ತಿಯ ವಿವರವನ್ನು ಹೆಣ್ಣು ಕೇಳಲು ಹೊರಟವನ ಗತ್ತಿನಲ್ಲಿ ತುಂಬಿ ತಂದಿದ್ದ.

ವಕೀಲರು: ಸ್ವಾಮಿ, ಒಟ್ಟು ಸಾಲ ಎಷ್ಟು?

ಗಂಡ: ಒಂಬತ್ತು ಲಕ್ಷ. ಒಂಚೂರು ಆಚೀಚೆ.

ವಕೀಲರು: ಆಸ್ತಿ ಹನ್ನೆರಡು! ಹಾಗಾದ್ರೆ ನಿಮಗ್ಯಾಕೆ ದಿವಾಳಿ? ನಾನೇ ನಿಮ್ಮ ಹತ್ರ ಕೈಗಡ ಕೇಳಬೇಕು.

ಗಂಡ: ಕೇಳಿ, ನೋಡೋಣ.

ಹೆಂಡತಿ: (ಹಣೆ ಚಚ್ಚಿಕೊಂಡು) ಇದೇ ನೋಡಿ ವಕೀಲರೇ, ರೋಗ.

ವಕೀಲರು: ಇರೋದು ಎರಡು ದಾರಿ. ಒಂದು, ಸಾಲ ಕೊಟ್ಟವರನ್ನ ಕೂರಿಸಿ ಮಾತಾಡಿ, ಒಂದಷ್ಟು ಬಿಡಿಸಿ, ಉಳಿದದ್ದನ್ನ ಕಂತಲ್ಲಿ ಕಟ್ಟೋದು.

ಗಂಡ: ನಾನು ಅವರ ಮುಂದೆ ಕೈ ಕಟ್ಕೊಂಡು ನಿಲ್ಲಬೇಕಾ?

ಹೆಂಡತಿ: ಖಂಡಿತ ಬೇಡ ರೀ. ಅವರು ಬಂದಾಗೆಲ್ಲ ಬಚ್ಚಲುಮನೇಲಿ ಅಡಗಿ ಕೂರೋದೇ ಮರ್ಯಾದಸ್ಥರ ಲಕ್ಷಣ.

ವಕೀಲರು: ಇನ್ನೊಂದು, ಕಂತಿಗೂ ದುಡ್ಡಿಲ್ಲ ಅಂದ್ರೆ ದಿವಾಳಿ. ಕೋರ್ಟಿನ ಅಧಿಕಾರಿ ಬೆಲೆಬಾಳೋದನ್ನ ಮಾರಿ ಹಂಚ್ತಾರೆ. ಹೊಟ್ಟೆಪಾಡಿನ ಸಣ್ಣಪುಟ್ಟ ಸಾಮಾನು ನಿಮಗೇ ಬಿಡ್ತಾರೆ. ಹನ್ನೆರಡು ಲಕ್ಷದ್ದು ಸಣ್ಣಪುಟ್ಟದಲ್ಲ. ಮೊದಲು ಎತ್ತೋದೇ ಅದನ್ನ.

ಗಂಡ: ಎತ್ತೋದಾ! ಆಮೇಲೆ ನಾನು ಬಾಡಿಗೆಗೆ ಏನು ಕೊಡ್ಲಿ?

ಹೆಂಡತಿ: ನಿಮ್ಮ ಗಂಟಲು. ಅದಕ್ಕೆ ಕರೆಂಟೂ ಬೇಡ.

ಗಂಡ: (ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡು) ಹಂಗಾದ್ರೆ... ಎಂಟು ಲಕ್ಷ ಮಾಡಿ.

ವಕೀಲರು: ಇದೇನು ಸಂತೆನಾ? ಪ್ರಮಾಣ ಮಾಡಿ ಬರೆಯೋದು ಸ್ವಾಮಿ. ಸುಳ್ಳು ಅಂತ ಗೊತ್ತಾದ್ರೆ ಅರ್ಜಿ ವಜಾ.

ಹೆಂಡತಿ: ಗುಜರಿಯವನು ಹೇಳಿದ್ದು ಆರು ಸಾವಿರ.

ಗಂಡ: ಹೋಗಿ ಕೇಳೇಬಿಟ್ಟೆಯಾ!

ಹೆಂಡತಿ: ಕೇಳ್ದೆ. ಅವನು ನಾಲ್ಕು ಅಂದ. ನಿಮ್ಮ ಮಾನ ಹೋಗಬಾರದು ಅಂತ ಜಗಳ ಆಡಿ ಆರಕ್ಕೆ ಏರಿಸಿದೀನಿ.

ಗಂಡ ಪೆನ್ನು ತೆಗೆದುಕೊಂಡ. ಹನ್ನೆರಡು ಲಕ್ಷವನ್ನು ಹೊಡೆದುಹಾಕಿ ಆರು ಸಾವಿರವೆಂದು ಬರೆದ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿತ್ತು. ರುಜು ಹಾಕಿ, ಅಂಗಿಯ ಕಾಲರು ಸರಿಪಡಿಸಿಕೊಂಡ.

ಗಂಡ: ನಿಮ್ಮ ಫೀಸು?

ವಕೀಲರು: ಈ ಸ್ಥಿತಿಯಲ್ಲಿ ಇರೋರಿಗೆ ಉಚಿತ ಕಾನೂನು ನೆರವು ಸಿಗುತ್ತೆ. ಅಲ್ಲಿಗೊಂದು ಚೀಟಿ ಕೊಡ್ಲಾ?

ಗಂಡ: (ಧಡಕ್ಕನೆ ಎದ್ದು) ಉಚಿತವಾ? ಪುಕ್ಕಟೆ ಕೆಲಸ ಮಾಡಿಸ್ಕೊಂಡೋರು ನಮ್ಮ ವಂಶದಲ್ಲೇ ಇಲ್ಲ! ಎಷ್ಟಾದ್ರೂ ಹೇಳಿ, ಮುಂದಿನ ವಾರ ತಂದು ಬಿಸಾಕ್ತೀನಿ!

ಹೆಂಡತಿ ಅರ್ಜಿಯನ್ನು ಮೆಲ್ಲಗೆ ವಕೀಲರ ಕಡೆಗೆ ತಳ್ಳಿದಳು.

ಹೆಂಡತಿ: ಸಾಲ ಕೊಟ್ಟವರ ಪಟ್ಟೀಲಿ ಕೊನೇ ಸಾಲು ಖಾಲಿ ಇದೆ ವಕೀಲರೇ. ನಿಮ್ಮ ಹೆಸರೂ ಬರ್ಕೊಂಡುಬಿಡಿ.