ತಂಬಿಗಿ ಅದ, ಕಾಯ್ರಿ

ನಮ್ಮ ಚಾಚಾ ಮೊದಲು ದೇವರನ್ನು ನಂಬುತ್ತಿದ್ದರು, ಆಮೇಲೆ ತಂಬಿಗಿಯನ್ನು. ಚಿಲಕ, ಕೊಂಡಿ, ಬೀಗ ಎಂದು ಬಡಿದಾಡುವವರಿಗೆ ಮನುಷ್ಯರ ಮೇಲೆ ವಿಶ್ವಾಸ ಇಲ್ಲ ಎಂಬುದು ಅವರ ವಾದ. ಇಂಥ ಚಾಚಾರ ಕೈಗೇ ಕಚೇರಿಯವರು ಕಂಪ್ಯೂಟರಿನ ಪಾಸ್‌ವರ್ಡುಗಳನ್ನೆಲ್ಲ ಒಪ್ಪಿಸಿದ್ದರು, ನೋಡಿ!

ಚಾಚಾ ನನ್ನ ಬಂಧುವಲ್ಲ. ಮಾನ್ವಿಯ ಅತ್ತರು ವ್ಯಾಪಾರಿಗಳ ಮನೆಯವರು. ಎಂಬತ್ತರ ದಶಕದ ಕೊನೆಯಲ್ಲಿ ರಾಯಚೂರಿನ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನು ನೋಡಿಕೊಳ್ಳಲು ಬಂದರು. ಕಚೇರಿಯ ಪಾಯಿಖಾನೆಗೆ ಚಿಲಕವಿರಲಿಲ್ಲ. ಚಾಚಾ ಬಂದ ವಾರವೇ ಕಾನೂನು ಮಾಡಿದರು: ಒಳಗೆ ಹೋಗುವವರು ಹೊಸ್ತಿಲ ಹೊರಗೆ ಹಿತ್ತಾಳೆ ತಂಬಿಗಿ ಇಟ್ಟು ಹೋಗಬೇಕು, ಬಂದ ಮೇಲೆ ಎತ್ತಿಡಬೇಕು. ತಂಬಿಗಿ ಕಂಡರೆ ಉಳಿದವರು ಕಾಯಬೇಕು. ಚಿಲಕ ಹಾಕಲು ಬಂದ ಬಡಿಗನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದರು.

ನಾನು ದೇವದುರ್ಗದ ಕಡೆಯ ಮಸರಕಲ್ಲಿನವಳು. ನಮ್ಮ ಮನೆಯಲ್ಲಿ ಕೂಲಿ ಬಿಟ್ಟು ನೌಕರಿಗೆ ಬಂದವಳು ನಾನೇ ಮೊದಲು. ಮೂರು ತಿಂಗಳ ತಾತ್ಕಾಲಿಕ ನೇಮಕ. ಕೆಲಸ ಮಾಡಿ ತೋರಿಸಿದರೆ ಖಾಯಂ. ತೋರಿಸುವುದು ಹೇಗೆ? ಬೆಳಿಗ್ಗೆ ಕೀಲಿಮಣೆಯಲ್ಲಿ ಹೆಸರು ಹೊಡೆದರೆ ಯಂತ್ರ ನನ್ನ ಗುರುತೇ ಹಿಡಿಯುತ್ತಿರಲಿಲ್ಲ! ಒಳಗೆ ಬಿಡಬೇಕಾದವರದೊಂದು ಪಟ್ಟಿ ಅದರಲ್ಲಿತ್ತು. ಒಬ್ಬೊಬ್ಬರಿಗೆ ಒಂದು ಸಾಲು: ಹೆಸರು, ಯಾರಿಗೂ ತಿಳಿಯದಂತೆ ಕಲಸಿದ ಪಾಸ್‌ವರ್ಡ್, ಕೊನೆಗೆ ಅವರ ಹುದ್ದೆ. ಚಾಚಾ ಅದರಲ್ಲಿ ನನ್ನ ಹೆಸರು ಸೇರಿಸುತ್ತಿದ್ದರು, ಮಧ್ಯಾಹ್ನ ನಾನು ಕೆಲಸ ಮಾಡುತ್ತಿದ್ದೆ, ಮರುದಿನ ಹೆಸರು ಮಾಯ.

"ಸೋಮವಾರದ ತನಕ ನೋಡ್ತೀನಿ," ಎಂದರು ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರು. "ಮೆಷಿನ್ನಿಗೇ ಬ್ಯಾಡಾದಾಕಿನ್ನ ನಾ ಹ್ಯಾಂಗ ಇಟ್ಕೊಳ್ಲಿ? ಆಮ್ಯಾಲ ಊರಿಗೆ ಹೋಗು."

ಅಲ್ಲೇ ಗೊಳೋ ಎಂದು ಅತ್ತೆ. ಚಾಚಾ ಕನ್ನಡಕ ಏರಿಸಿಕೊಂಡು ಓಡಿಬಂದರು.

"ಯಾರ್ರೀ ಅಳಿಸಿದವರು?"

"ನಾ ಅಳಿಸಿಲ್ರೀ, ತಾನಾ ಅಳಾಕತ್ತಾಳ," ಎಂದರು ಸಾಹೇಬರು.

"ಹುಡುಗೀನಲ್ರೀ, ಹೆಸರು. ಹೆಸರು ಯಾರು ಅಳಿಸಿದ್ರು?"

ಎರಡು ದಿನ ಸಾಹೇಬರ ಹಿಂದೆಯೇ ಕೂತು ಚಾಚಾ ಪತ್ತೆ ಹಚ್ಚಿದರು. ಸಾಹೇಬರಿಗೆ ಒಂದು ಚಟ. ಬೆಳಿಗ್ಗೆ ಬಂದವರೇ ಆ ಪಟ್ಟಿ ತೆರೆದು ತಮ್ಮ ಸಾಲಿನಲ್ಲಿ ಪದವಿ, ಹುದ್ದೆ ತಿದ್ದುತ್ತ ಕೂರುವುದು, ಸಂಜೆ ಅದನ್ನು ಯಂತ್ರದಲ್ಲಿ ಉಳಿಸಿ ಮನೆಗೆ ಹೋಗುವುದು. ತಮ್ಮ ಸಾಲು ಬಿಟ್ಟರೆ ಬೇರೆ ಸಾಲು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವರ ಕೈಲಿದ್ದದ್ದು ಬೆಳಗಿನ ನಕಲು, ಅದರಲ್ಲಿ ನಾನೆಲ್ಲಿ? ಚಾಚಾ ಮಧ್ಯಾಹ್ನ ಬರೆದದ್ದರ ಮೇಲೆ ಸಂಜೆ ಅದು ಹೋಗಿ ಕೂರುತ್ತಿತ್ತು. ಯಂತ್ರವೋ, ಕೊನೆಗೆ ಹೇಳಿದವರ ಮಾತು ಕೇಳುವ ಜಾತಿ.

"ಇಬ್ಬರು ಒಮ್ಮೆಲೇ ಒಳಗ ಹೊಕ್ಕರ ಹಿಂಗಾ ಆಗೋದು," ಎಂದರು ಚಾಚಾ. "ಇದಕ್ಕೂ ತಂಬಿಗಿ ಬೇಕು."

ಶುಕ್ರವಾರ ನಮಾಜು ಮುಗಿಸಿ ಬಂದು ಒಂದು ಪ್ರೋಗ್ರಾಂ ಬರೆದರು. ಯಾರೇ ಪಟ್ಟಿ ತೆರೆಯಲಿ, ಯಂತ್ರ ಮೊದಲು ಒಂದು ಖಾಲಿ ಫೈಲು ಇಡುತ್ತದೆ. ಅದರ ಹೆಸರೇ ತಂಬಿಗಿ. ಮೊದಲೇ ಅಲ್ಲೊಂದು ತಂಬಿಗಿ ಇದ್ದರೆ ಪಟ್ಟಿ ತೆರೆಯುವುದೇ ಇಲ್ಲ. ತಿದ್ದಿ ಮುಗಿಸಿದರೆ ತಂಬಿಗಿ ಎತ್ತುತ್ತದೆ.

ಶನಿವಾರ ಚಾಚಾ ಎಲ್ಲರಿಗಿಂತ ಮೊದಲು ಬಂದು ಪಟ್ಟಿ ತೆರೆದು, ನನ್ನ ಹೆಸರು ಸೇರಿಸಿ ಕೂತರು. ಹತ್ತಕ್ಕೆ ಸಾಹೇಬರ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ರಾಯಚೂರು ಕನ್ನಡ ಮೂಡಿತು: ತಂಬಿಗಿ ಅದ, ಕಾಯ್ರಿ.

"ಏನ್ರೀ ಇದು?"

"ಒಳಗ ನಾ ಅದೀನ್ರೀ."

"ಎಲ್ಲಿ ಒಳಗ? ಕಣ್ಣ ಮುಂದ ಕುಂತೀರಲ್ಲ."

"ಪಟ್ಟಿ ಒಳಗರೀ. ಗಡಬಡ ಮಾಡಬ್ಯಾಡ್ರಿ, ಇಂಥಾದ್ರಾಗ ಅವಸರ ನಡ್ಯಂಗಿಲ್ಲ."

ಕಚೇರಿಗೆ ಕಚೇರಿಯೇ ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡಿತು. ಸಾಹೇಬರು ಕಾಲು ಬದಲಿಸುತ್ತ ಹತ್ತು ನಿಮಿಷ ಕಾದರು. ಅವರ ಸರದಿ ಬಂದು ತೆರೆದ ಪಟ್ಟಿಯಲ್ಲಿ ನಾನೂ ಇದ್ದೆ. ಸಂಜೆ ತಮ್ಮ ಕೈಯಾರೆ ನನ್ನನ್ನೂ ಉಳಿಸಿ ಹೋದರು!

ಸೋಮವಾರ ಹೆಸರು ಹೊಡೆದೆ. ಯಂತ್ರ ಒಳಗೆ ಬಿಟ್ಟಿತು. "ಮೆಷಿನ್ನೇ ಹೂಂ ಅಂದದ, ನಾ ಯಾರು?" ಎಂದು ಸಾಹೇಬರು ಖಾಯಂ ಆದೇಶಕ್ಕೆ ಸಹಿ ಹಾಕಿದರು. ಆ ದಿನ ನಾನು ನಡೆದದ್ದು ನೆಲದ ಮೇಲಲ್ಲ.

ತಂಬಿಗಿಗೂ ಗ್ರಹಚಾರ ತಪ್ಪಲಿಲ್ಲ ಅನ್ನಿ. ಒಮ್ಮೆ ಚಾಚಾ ರಜೆಯಲ್ಲಿದ್ದಾಗ, ಪಟ್ಟಿ ತೆರೆದಿರುವಾಗಲೇ ಕರೆಂಟು ಹೋಯಿತು. ಬಂದ ಮೇಲೆ ಒಳಗೆ ಯಾರೂ ಇಲ್ಲ, ತಂಬಿಗಿ ಮಾತ್ರ ಹಾಗೇ ಇದೆ. ತಂಬಿಗಿ ಕಂಡರೆ ಕಾಯಬೇಕು ಎಂಬ ಕಾನೂನಿಗೆ ಹೆದರಿ ಯಾರೂ ಯಂತ್ರ ಮುಟ್ಟದೆ ಮಧ್ಯಾಹ್ನದವರೆಗೆ ಕಾದೆವು. ಕೆಲಸ ಯಾಕೆ ನಿಂತಿದೆ ಎಂದು ಬೆಂಗಳೂರಿನಿಂದ ಫೋನು. "ತಂಬಿಗಿ ಹೊರಗಾ ಉಳದದರೀ," ಎಂದ ನಮ್ಮ ಗುಮಾಸ್ತ. "ಮೊದಲು ಅದನ್ನು ಮುಗಿಸಿಕೊಂಡು ಬನ್ನಿ," ಎಂದು ಅತ್ತಲಿನವರು ಫೋನು ಇಟ್ಟರು. ಮರುದಿನ ಚಾಚಾ ಬಂದು ಕೈಯಾರೆ ತಂಬಿಗಿ ಎತ್ತಿದರು.

ನಿವೃತ್ತರಾಗಿ ಮಾನ್ವಿಗೆ ಹೊರಟಾಗ ಅವರು ಪಟ್ಟಿಯ ಜವಾಬ್ದಾರಿ ನನಗೇ ವಹಿಸಿದರು. ಮೊದಲ ಸಲ ಪಟ್ಟಿ ತೆರೆದೆ. ಸಾಹೇಬರ ಸಾಲಿನ ಕೊನೆಗೆ ಮಾರುದ್ದ ಪದವಿಗಳು. ನನ್ನ ಸಾಲಿನಲ್ಲಿ ಹುದ್ದೆ ಇರಬೇಕಾದ ಜಾಗದಲ್ಲಿ ಚಾಚಾ ಒಂದೇ ಮಾತು ಬರೆದಿಟ್ಟಿದ್ದರು: ಅಳಿಸಬ್ಯಾಡ್ರಿ.

ಹೆಸರನ್ನೋ, ನನ್ನನ್ನೋ? ಹೆಸರಂತೂ ಉಳಿದಿತ್ತು. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತು ಪಟ್ಟಿ ಬೇಕಿತ್ತು ಎಂದರು. ನಾನು ತಿರುಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದೆ:

"ತಂಬಿಗಿ ಅದರೀ, ಕಾಯ್ರಿ."