ನಯಾಗರಾದ ತಾಲೀಮು

ನಯಾಗರಾ ಜಲಪಾತ ನೋಡಲು ಹೋಗುವವರು ಏನೇನು ತಯಾರಿ ಮಾಡಿಕೊಳ್ಳಬೇಕು ಎಂಬ ವಿಷಯದಲ್ಲಿ ಯರಗುಪ್ಪಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. (ನಾನು ನೋಡಿಲ್ಲ, ಆ ಮಾತು ಬೇರೆ. ಭೂಗೋಳ ಕಲಿಸುವವನು ಭೂಗೋಳ ಸುತ್ತಲೇಬೇಕೆಂಬ ಕಾನೂನಿಲ್ಲ.) ಹೀಗಾಗಿ ಎಂಬತ್ತೈದರ ಬೇಸಿಗೆಯಲ್ಲಿ ಊರಿನ ದೊಡ್ಡ ರೈತ ಶಂಕ್ರಪ್ಪನವರು ಕೆನಡಾದ ಅಳಿಯನ ಮನೆಗೆ ಹೊರಟಾಗ ಸೀದಾ ನಮ್ಮ ಕಟ್ಟೆಗೇ ಬಂದರು.

"ಮಾಸ್ತರ್ರ, ಅಳಿಯಾ ನಯಾಗರಾ ತೋರಸ್ತೀನಿ ಅಂದಾನ್ರಿ. ಏನೇನ್ ಒಯ್ಯಬೇಕು ಹೇಳ್ರಿ."

"ಜಾರದಂಥಾ ಚಪ್ಪಲಿ ಬೇಕ್ರಿ. ತುಂತುರ ಸಿಡದು ಮೈಯೆಲ್ಲಾ ತೋಯ್ತೈತಿ, ತಲಿಗೆ ಗೊಬ್ಬರದ ಚೀಲದ ಕೊಪ್ಪಿ ಹಾಕ್ಕೋರ್ರಿ. ಸಪ್ಪಳಕ್ಕ ಕಿವ್ಯಾಗ ಅರಳಿ ಇಟ್ಕೋರ್ರಿ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಬೇಕಾದ್ರ ಒಮ್ಮೆ ಗೋಕಾಕದಾಗ ತಾಲೀಮು ಮಾಡೂಣು" ಎಂದೂ ಅಂದುಬಿಟ್ಟೆ.

"ನಾನೂ ಬರ್ತೀನ್ರಿ" ಎಂದಿತು ಅಡಿಗೆಮನೆ. ನನ್ನ ಹೆಂಡತಿ ಮಲ್ಲಕ್ಕ. ಗೋಕಾಕ ತೋರಿಸುತ್ತೇನೆಂದು ನಾನು ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು.

ಮೇ ತಿಂಗಳ ಭಾನುವಾರ ಶಂಕ್ರಪ್ಪನವರ ಜೀಪು ಬಂತು. ಮಲ್ಲಕ್ಕ ಕೆರೆಯ ನೀರು ತುಂಬಿದ ಕೊಡ ಹೊತ್ತು ಬಂದಳು.

"ಲೇ, ಜಲಪಾತಕ್ಕ ಯಾರರ ನೀರು ಒಯ್ತಾರೇನ? ಮಂದಿ ಮುಂದ ನನ್ನ ಮಾನಾ ಕಳೀತಿ."

"ಬ್ಯಾಸಗ್ಯಾಗ ಯರಗುಪ್ಪಿ ಹೆಣಮಕ್ಕಳು ನೀರಿಲ್ದಂಗ ಹೊಸ್ತಿಲಾ ದಾಟಂಗಿಲ್ರಿ."

ಕೊಡವನ್ನು ನಾನೇ ಕೈಯಾರೆ ಇಳಿಸಿ ಕಟ್ಟೆಯ ಮೇಲಿಟ್ಟೆ.

ಗೋಕಾಕದಲ್ಲಿ ಬಂಡೆ ಇತ್ತು. ಜಲವೂ ಇರಲಿಲ್ಲ, ಪಾತವೂ ಇರಲಿಲ್ಲ. ನೀರು ಧುಮುಕಬೇಕಾದ ಜಾಗದಲ್ಲಿ ಒಂದು ಮಂಗ ಕೂತು ಹೇನು ಹೆಕ್ಕುತ್ತಿತ್ತು. ಸುಡುವ ಬಿಸಿಲಲ್ಲಿ ಕೊಪ್ಪಿ ಹಾಕಿಕೊಂಡು, ಕಿವಿಗೆ ಅರಳೆ ತುರುಕಿಕೊಂಡು ನಾವು ಮೂವರು ಸಾಲಾಗಿ ನಿಂತೆವು. ಶಂಕ್ರಪ್ಪನವರು ಪಾಪ, ಅರಳೆ ತೆಗೆದು ಮತ್ತೊಮ್ಮೆ ಕಿವಿಗೊಟ್ಟರು.

"ಮಾಸ್ತರ್ರ, ಈಗೂ ಸಪ್ಪಳಾ ಕೇಳವಲ್ದಲ್ರಿ?"

ಮಳೆಯ ನೀರನ್ನೇ ನಂಬಿದ ನದಿಗಳು ಬೇಸಿಗೆಯಲ್ಲಿ ಬತ್ತುತ್ತವೆ ಎಂದು ಐದನೆಯ ತರಗತಿಗೆ ವರ್ಷವೂ ಬರೆಸುವವನು ನಾನೇ. ನಾಚಿಕೆಯಿಂದ ಕೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಬುತ್ತಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ ನೀರಿಲ್ಲದೆ ಗಂಟಲಲ್ಲೇ ಕೂತವು. ಕೊನೆಗೆ ಶೇಂಗಾ ಮಾರುವ ಜಮಾಲಬಿ ಎಂಬ ಮುದುಕಿಯ ಮುಂದೆ ಮೂವರೂ ಬೊಗಸೆ ಒಡ್ಡಿದೆವು.

"ಬ್ಯಾಸಗ್ಯಾಗ ಇಲ್ಲಿಗೆ ಬರೋರು ನೀರು ತರಬೇಕ್ರೆಪಾ" ಎಂದಳು ಆಕೆ. "ಮನ್ಯಾಗ ಯಾರೂ ಶಾಣೇರು ಇಲ್ಲೇನ್ರಿ?"

ಮಲ್ಲಕ್ಕ ನನ್ನನ್ನು ನೋಡಿದಳು, ಅಷ್ಟೇ.

ಎರಡು ತಿಂಗಳ ಮೇಲೆ ಕೆನಡಾದಿಂದ ಪತ್ರ ಬಂತು. ನನ್ನ ಹೆಸರಿಗಲ್ಲ, ಅವಳ ಹೆಸರಿಗೆ. "ಮಲ್ಲಕ್ಕಾರ, ನೀವು ಹೇಳಿದಂಗ ತಂಬಿಗಿ ತುಂಬ ನೀರು ಒಯ್ದಿದ್ದೆ. ನಯಾಗರಾದಾಗ ನೀರು ಭಾಳ ಐತ್ರಿ, ಆದರ ಕೈಗೆ ಹನಿ ನಿಲುಕಂಗಿಲ್ಲ. ಅಳಿಯಾ ನೀರಡಿಸಿ ನಮ್ಮ ತಂಬಿಗೀನ ಎತ್ತಿ ಕುಡದಾ."

ಓದು ಬರುವ ಮಲ್ಲಕ್ಕ ಅದನ್ನು ನನ್ನಿಂದಲೇ ಮೂರು ಸಲ ಗಟ್ಟಿಯಾಗಿ ಓದಿಸಿದಳು. ಮೂರನೆಯ ಸಲಕ್ಕೆ ನನ್ನ ಗಂಟಲು ಒಣಗಿ ನೀರು ಕೇಳಿದೆ.

"ಗೋಕಾಕಕ್ಕ ಹೋಗಿ ಕುಡದ ಬರ್ರಿ" ಎಂದಳು.